ಮೊಬೈಲ್ ಅಪ್ಲಿಕೇಶನ್‌ಗಳಲ್ಲಿ ನೆಟ್‌ವರ್ಕ್ ಸಂಪರ್ಕ ಬದಲಾವಣೆಯ ಪತ್ತೆ

ನೆಟ್‌ವರ್ಕ್ ಸಂಪರ್ಕ ಬದಲಾವಣೆಯ ಪತ್ತೆ ಎಂದರೆ ಮೊಬೈಲ್ ಫೋನಿನ ಜಾಲ ಸಂಪರ್ಕವು ದೊರೆತಾಗ, ಕಡಿದುಹೋದಾಗ ಅಥವಾ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾದಾಗ ಅದನ್ನು ಅಪ್ಲಿಕೇಶನ್ ಅಥವಾ ಆ್ಯಪ್ ತಿಳಿದುಕೊಳ್ಳುವ ವಿಧಾನ. ಸಂಪರ್ಕದ ಸ್ಥಿತಿಯನ್ನು ಗಮನಿಸುವ ಕೆಲಸ ಕಾರ್ಯಾಚರಣಾ ವ್ಯವಸ್ಥೆಯದು; ಅದು ನೀಡುವ ಸೂಚನೆಯನ್ನು ಸ್ವೀಕರಿಸಿ ತಕ್ಕಂತೆ ವರ್ತಿಸುವುದು ಆ್ಯಪ್‌ನ ಕೆಲಸ. ಸಂದೇಶ ರವಾನೆ, ಹಣ ಪಾವತಿ, ನಕಾಶೆ, ದೃಶ್ಯ ಪ್ರಸಾರ ಮೊದಲಾದ ಸೇವೆಗಳ ಆ್ಯಪ್‌ಗಳಲ್ಲಿ ಇದು ಅವಶ್ಯಕವಾದ ಅಂಗವಾಗಿದೆ.

ಹಿನ್ನೆಲೆ

ಮೇಜಿನ ಮೇಲಿನ ಗಣಕಯಂತ್ರದ ಸಂಪರ್ಕ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಫೋನಾದರೋ ಬಳಕೆದಾರನೊಡನೆ ಸಂಚರಿಸುತ್ತದೆ. ಮನೆಯ ವೈ-ಫೈ ವ್ಯಾಪ್ತಿಯಿಂದ ಹೊರಬಂದೊಡನೆ ಅದು ಮೊಬೈಲ್ ಡೇಟಾಕ್ಕೆ ಬದಲಾಗುತ್ತದೆ. ಸುರಂಗದಲ್ಲಿ ಅಥವಾ ಲಿಫ್ಟಿನಲ್ಲಿ ಸಂಪರ್ಕವನ್ನೇ ಕಳೆದುಕೊಳ್ಳಬಹುದು.

ವೈ-ಫೈಯಿಂದ ಮೊಬೈಲ್ ಡೇಟಾಕ್ಕೆ ಬದಲಾದಾಗ ಫೋನ್ ಬಳಸುವ ಐಪಿ ವಿಳಾಸವೂ ಬದಲಾಗುತ್ತದೆ. ಟಿಸಿಪಿ ಶಿಷ್ಟಾಚಾರದಲ್ಲಿ ಸಂಪರ್ಕವನ್ನು ಗುರುತಿಸುವುದು ಎರಡೂ ತುದಿಗಳ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳಿಂದ. ಆದ್ದರಿಂದ ಪರದೆಯ ಮೇಲೆ ಸಂಪರ್ಕ ಇರುವಂತೆಯೇ ಕಂಡರೂ ಹಳೆಯ ವಿಳಾಸದಿಂದ ನಡೆಯುತ್ತಿದ್ದ ಸಾಮಾನ್ಯ ಟಿಸಿಪಿ ಸಂವಹನ ಮುರಿದುಬೀಳುತ್ತದೆ. ೨೦೨೧ರಲ್ಲಿ ಮಾನಕವಾದ ಕ್ವಿಕ್ ಶಿಷ್ಟಾಚಾರವು ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಗುರುತು ನೀಡಿ, ವಿಳಾಸ ಬದಲಾದರೂ ಸಂವಹನ ಮುಂದುವರಿಯಲು ಅವಕಾಶ ಕಲ್ಪಿಸಿದೆ.

ಆಂಡ್ರಾಯ್ಡ್

ಆಂಡ್ರಾಯ್ಡ್‌ನಲ್ಲಿ ಈ ಕಾರ್ಯವನ್ನು ನಿರ್ವಹಿಸುವುದು ಕನೆಕ್ಟಿವಿಟಿ ಮ್ಯಾನೇಜರ್ ಎಂಬ ವ್ಯವಸ್ಥಾ ಸೇವೆ. ಇದನ್ನು ಬಳಸಲು ಆ್ಯಪ್ ತನ್ನ ಮ್ಯಾನಿಫೆಸ್ಟ್ ಕಡತದಲ್ಲಿ ನೆಟ್‌ವರ್ಕ್ ಸ್ಥಿತಿಯನ್ನು ಓದುವ ಅನುಮತಿಯನ್ನು ಘೋಷಿಸಬೇಕು.

ಆರಂಭದ ಆವೃತ್ತಿಗಳಲ್ಲಿ ಸಂಪರ್ಕ ಬದಲಾದಾಗಲೆಲ್ಲ ವ್ಯವಸ್ಥೆಯು ಒಂದು ಪ್ರಕಟಣೆಯನ್ನು ಬಿತ್ತರಿಸುತ್ತಿತ್ತು. ಮ್ಯಾನಿಫೆಸ್ಟ್‌ನಲ್ಲಿ ಹೆಸರು ನೋಂದಾಯಿಸಿದ್ದ ಆ್ಯಪ್‌ಗಳೆಲ್ಲವೂ, ಚಾಲನೆಯಲ್ಲಿ ಇರಲಿ ಬಿಡಲಿ, ಒಮ್ಮೆಗೇ ಎಚ್ಚರಗೊಳ್ಳುತ್ತಿದ್ದವು. ಇದರಿಂದ ಸ್ಮೃತಿಯ ಮೇಲೂ ಬ್ಯಾಟರಿಯ ಮೇಲೂ ಹೊರೆ ಬೀಳುತ್ತಿತ್ತು. ೨೦೧೬ರಲ್ಲಿ ಬಂದ ಆಂಡ್ರಾಯ್ಡ್ ೭.೦ ಆವೃತ್ತಿ ಮತ್ತು ಅನಂತರದ ಆವೃತ್ತಿಗಳಿಗೆಂದು ರೂಪಿಸಿದ ಆ್ಯಪ್‌ಗಳಿಗೆ ಈ ಬಗೆಯ ನೋಂದಣಿಯಿಂದ ಸೂಚನೆ ದೊರೆಯುವುದಿಲ್ಲ.

೨೦೧೪ರ ಆಂಡ್ರಾಯ್ಡ್ ೫.೦ ಆವೃತ್ತಿಯೊಡನೆ ನೆಟ್‌ವರ್ಕ್ ಕಾಲ್‌ಬ್ಯಾಕ್ ಎಂಬ ವಿಧಾನ ಬಂದಿತು. ಇದರಲ್ಲಿ ಚಾಲನೆಯಲ್ಲಿರುವ ಆ್ಯಪ್ ತನಗೆ ಬೇಕಾದ ಸಂಪರ್ಕದ ಲಕ್ಷಣಗಳನ್ನು ಮೊದಲೇ ತಿಳಿಸುತ್ತದೆ. ಅಂತಹ ಸಂಪರ್ಕ ದೊರೆತಾಗ, ಕಳೆದುಹೋದಾಗ ಮತ್ತು ಅದರ ಸಾಮರ್ಥ್ಯಗಳು ಬದಲಾದಾಗ ವ್ಯವಸ್ಥೆಯು ಬೇರೆ ಬೇರೆ ಕರೆಗಳ ಮೂಲಕ ಅದನ್ನು ತಿಳಿಸುತ್ತದೆ. ಡೇಟಾ ಬಳಕೆಗೆ ಮಿತಿ ಅಥವಾ ಶುಲ್ಕವುಂಟೇ ಎಂಬುದೂ ಈ ಸಾಮರ್ಥ್ಯಗಳಿಂದ ತಿಳಿಯುತ್ತದೆ. ದೊಡ್ಡ ಕಡತವನ್ನು ಈಗಲೇ ಇಳಿಸಿಕೊಳ್ಳಬೇಕೇ, ವೈ-ಫೈ ಸಿಗುವವರೆಗೆ ಕಾಯಬೇಕೇ ಎಂದು ತೀರ್ಮಾನಿಸಲು ಇದು ನೆರವಾಗುತ್ತದೆ. ಆ್ಯಪ್ ಮುಚ್ಚಿರುವಾಗಲೂ ಮುಗಿಯಬೇಕಾದ ಕೆಲಸಗಳನ್ನು ವರ್ಕ್ ಮ್ಯಾನೇಜರ್‌ಗೆ ಒಪ್ಪಿಸಿದರೆ ಸಂಪರ್ಕ ಬಂದಾಗ ಅದು ಅವನ್ನು ನಡೆಸುತ್ತದೆ.

ಐಒಎಸ್

ಆ್ಯಪಲ್ ಸಂಸ್ಥೆಯ ಐಒಎಸ್‌ನಲ್ಲಿ ಮೊದಲು ರೀಚೆಬಿಲಿಟಿ ಎಂಬ ವಿಧಾನ ಬಳಕೆಯಲ್ಲಿತ್ತು. ೨೦೧೮ರ ಐಒಎಸ್ ೧೨ರೊಂದಿಗೆ ಪಾತ್ ಮಾನಿಟರ್ ಎಂಬ ಹೊಸ ಸೌಲಭ್ಯ ಬಂದಿತು. ಮಾರ್ಗ ಲಭ್ಯವಿದೆಯೇ, ಅದು ವೈ-ಫೈಯೋ ಮೊಬೈಲ್ ಡೇಟಾವೋ, ದುಬಾರಿಯೋ ಎಂಬುದನ್ನು ಇದು ತಿಳಿಸುತ್ತದೆ. ಬಳಕೆದಾರರು ಕಡಿಮೆ ಡೇಟಾ ಬಳಕೆಯ ಸ್ಥಿತಿಯನ್ನು ಆರಿಸಿದ್ದರೆ ಅದೂ ೨೦೧೯ರ ಐಒಎಸ್ ೧೩ರಿಂದೀಚೆಗೆ ತಿಳಿಯುತ್ತದೆ.

ಆದರೆ ಮೊದಲು ಸಂಪರ್ಕವನ್ನು ಪರೀಕ್ಷಿಸಿ ಅನಂತರ ಕೋರಿಕೆ ಕಳುಹಿಸುವ ಕ್ರಮವನ್ನು ಆ್ಯಪಲ್ ಪ್ರೋತ್ಸಾಹಿಸುವುದಿಲ್ಲ. ಪರೀಕ್ಷೆಗೂ ಕೋರಿಕೆಗೂ ನಡುವಣ ಕ್ಷಣದಲ್ಲಿಯೇ ಸ್ಥಿತಿ ಬದಲಾಗಬಹುದು. ಕೋರಿಕೆಯನ್ನು ನೇರವಾಗಿ ಸಲ್ಲಿಸಿ, ಸಂಪರ್ಕ ಇಲ್ಲದಿದ್ದರೆ ಬರುವವರೆಗೆ ಕಾಯುವಂತೆ ಸೂಚಿಸುವ ಆಯ್ಕೆ ೨೦೧೭ರ ಐಒಎಸ್ ೧೧ರಿಂದ ಲಭ್ಯವಿದೆ.

ಸಂಪರ್ಕ ಮತ್ತು ಅಂತರಜಾಲ ಲಭ್ಯತೆ

ಜಾಲಕ್ಕೆ ಜೋಡಣೆಯಾಗಿರುವುದು ಬೇರೆ, ಅಂತರಜಾಲ ತಲುಪುವುದು ಬೇರೆ. ವೈ-ಫೈ ರೌಟರ್‌ಗೆ ಫೋನ್ ಜೋಡಣೆಯಾಗಿದ್ದರೂ ರೌಟರ್‌ಗೆ ಹೊರಗಿನ ಸಂಪರ್ಕವೇ ಇಲ್ಲದಿರಬಹುದು. ರೈಲು ನಿಲ್ದಾಣ, ವಿಮಾನ ನಿಲ್ದಾಣ ಮತ್ತು ಹೋಟೆಲುಗಳ ವೈ-ಫೈಯಲ್ಲಿ ಬಳಕೆದಾರರು ಮೊದಲು ಲಾಗಿನ್ ಪುಟವನ್ನು ದಾಟಬೇಕಾಗುವುದುಂಟು. ಅಲ್ಲಿಯವರೆಗೆ ಯಾವ ತಾಣವನ್ನು ತೆರೆಯಲೆತ್ನಿಸಿದರೂ ಆ ಪುಟವೇ ಉತ್ತರವಾಗಿ ಬರಬಹುದು.

ಇದನ್ನು ಕಂಡುಹಿಡಿಯಲು ಆಂಡ್ರಾಯ್ಡ್ ನಿಗದಿತ ಸರ್ವರ್‌ಗೆ ಒಂದು ಸಣ್ಣ ಕೋರಿಕೆಯನ್ನು ಕಳುಹಿಸುತ್ತದೆ. ವಿಷಯವಿಲ್ಲದ, ೨೦೪ ಸಂಕೇತದ ಉತ್ತರ ಬಂದರೆ ಅಂತರಜಾಲ ಲಭ್ಯವಿದೆಯೆಂದು ದೃಢೀಕರಿಸುತ್ತದೆ. ೨೦೧೫ರ ಆಂಡ್ರಾಯ್ಡ್ ೬.೦ರಿಂದ ಆ್ಯಪ್‌ಗಳು ಈ ದೃಢೀಕರಣವನ್ನು ಓದಬಹುದು. ಇಷ್ಟಾದರೂ ಆ್ಯಪ್‌ಗೆ ಬೇಕಾದ ಸರ್ವರ್ ಕೆಟ್ಟಿರಬಹುದು ಅಥವಾ ಸಂಪರ್ಕ ತೀರಾ ನಿಧಾನವಾಗಿರಬಹುದು. ಹೀಗಾಗಿ ವ್ಯವಸ್ಥೆಯ ಸೂಚನೆಯು ಸುಳಿವೇ ಹೊರತು ಖಾತರಿಯಲ್ಲ. ಕೋರಿಕೆಗೆ ಬರುವ ಉತ್ತರವೊಂದೇ ಅಂತಿಮ ಪ್ರಮಾಣ.

ವಿನ್ಯಾಸದ ಕ್ರಮಗಳು

ಸಂಪರ್ಕ ಕಡಿದಾಗ ಮೊದಲೇ ಉಳಿಸಿಕೊಂಡ ಮಾಹಿತಿಯನ್ನು ತೋರಿಸುವುದು, ಬಳಕೆದಾರರು ಬರೆದುದನ್ನು ಫೋನಿನಲ್ಲಿಯೇ ಸರದಿಯಲ್ಲಿ ಇರಿಸುವುದು, ಸಂಪರ್ಕ ಮರಳಿದಾಗ ಕಳುಹಿಸುವುದು ಸಾಮಾನ್ಯ ಕ್ರಮ. ವಿಫಲವಾದ ಕೋರಿಕೆಯನ್ನು ಎಡೆಬಿಡದೆ ಪುನರಾವರ್ತಿಸಿದರೆ ಬ್ಯಾಟರಿ ವ್ಯಯವಾಗುತ್ತದೆ, ಸರ್ವರ್ ಮೇಲೆ ಒತ್ತಡ ಬೀಳುತ್ತದೆ. ಆದುದರಿಂದ ಪ್ರತಿ ಪ್ರಯತ್ನದ ನಡುವಣ ಅಂತರವನ್ನು ಹೆಚ್ಚಿಸುತ್ತ ಹೋಗುತ್ತಾರೆ.

ಹಣ ಪಾವತಿಯಲ್ಲಿ ಹೆಚ್ಚಿನ ಎಚ್ಚರ ಬೇಕು. ಪಾವತಿಯ ಕೋರಿಕೆ ಹೊರಟು ಉತ್ತರ ಬರುವ ಮೊದಲೇ ಸಂಪರ್ಕ ಕಡಿದರೆ, ಹಣ ಸಂದಾಯವಾಯಿತೇ ಇಲ್ಲವೇ ಎಂಬುದು ಆ್ಯಪ್‌ಗೆ ತಿಳಿಯುವುದಿಲ್ಲ. ಆಗ ಪಾವತಿ ವಿಫಲವಾಯಿತೆಂದು ತೋರಿಸಿದರೆ ಬಳಕೆದಾರರು ಎರಡನೆಯ ಸಲ ಹಣ ಕಳುಹಿಸುವ ಅಪಾಯವಿದೆ. ಇದನ್ನು ತಪ್ಪಿಸಲು ಪ್ರತಿ ವ್ಯವಹಾರಕ್ಕೂ ವಿಶಿಷ್ಟ ಗುರುತುಸಂಖ್ಯೆ ನೀಡಿ, ಮರುಪ್ರಯತ್ನದಲ್ಲಿಯೂ ಅದನ್ನೇ ಬಳಸಲಾಗುತ್ತದೆ. ಅದೇ ಸಂಖ್ಯೆ ಮತ್ತೆ ಬಂದಾಗ ಸರ್ವರ್ ಹಣವನ್ನು ಮರಳಿ ಕಡಿತಗೊಳಿಸದೆ ಹಿಂದಿನ ಫಲಿತಾಂಶವನ್ನೇ ನೀಡುತ್ತದೆ. ಫಲಿತಾಂಶ ತಿಳಿಯುವವರೆಗೆ ವ್ಯವಹಾರ ಬಾಕಿಯಿದೆ ಎಂದು ತೋರಿಸುವುದೇ ಸರಿಯಾದ ಕ್ರಮ.

ಪರೀಕ್ಷೆ

ಏರೋಪ್ಲೇನ್ ಮೋಡ್ ಹಾಕಿ ತೆಗೆಯುವುದು ಸರಳವಾದ ಪರೀಕ್ಷೆ. ಆದರೆ ಅದು ಸಂಪೂರ್ಣ ಕಡಿತವನ್ನು ಮಾತ್ರ ಅನುಕರಿಸುತ್ತದೆ. ನಿಧಾನವಾದ, ಆಗಾಗ ತಡವರಿಸುವ ಸಂಪರ್ಕವನ್ನು ಅನುಕರಿಸಲು ಆಂಡ್ರಾಯ್ಡ್ ಎಮ್ಯುಲೇಟರ್‌ನಲ್ಲಿ ವೇಗ ಮತ್ತು ವಿಳಂಬದ ಆಯ್ಕೆಗಳೂ, ಆ್ಯಪಲ್‌ನಲ್ಲಿ ನೆಟ್‌ವರ್ಕ್ ಲಿಂಕ್ ಕಂಡಿಷನರ್ ಎಂಬ ಸಾಧನವೂ ಇವೆ. ವೈ-ಫೈಯಿಂದ ಮೊಬೈಲ್ ಡೇಟಾಕ್ಕೆ ಬದಲಾಗುವ ಸಂದರ್ಭವನ್ನು ನಿಜವಾದ ಫೋನಿನಲ್ಲಿ, ನಡೆದಾಡುತ್ತ ಪರೀಕ್ಷಿಸುವುದು ಉಪಯುಕ್ತ.