ಬೇವೂರು ಮತ್ತು ಯಲಬುರ್ಗಾ ತಾಲೂಕು: ಭೂಗೋಳ, ಸ್ಥಳೀಯ ಆಡಳಿತ

ಬೇವೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನ ಗ್ರಾಮ. ಗ್ರಾಮ ಪಂಚಾಯಿತಿಯ ಮತ್ತು ಪೊಲೀಸ್ ಠಾಣೆಯ ಕೇಂದ್ರ. ಬಾಗಲಕೋಟೆ ಜಿಲ್ಲೆಯಲ್ಲಿಯೂ ಇದೇ ಹೆಸರಿನ ಊರಿದೆ.

ಭೂಲಕ್ಷಣ: ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಬಯಲುಸೀಮೆಯಲ್ಲಿ ಎರೆ (ಕಪ್ಪು) ಮತ್ತು ಮಸಾರಿ (ಕೆಂಪು) ಮಣ್ಣಿನ ಹೊಲಗಳು ಬೆರೆತಿವೆ. ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಅದೇ ಜಿಲ್ಲೆಯ ಗಂಗಾವತಿ ಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತದೆ. ಯಲಬುರ್ಗಾ ಬಹುಪಾಲು ಮಳೆಯನ್ನೇ ನಂಬಿ ಸಜ್ಜೆ, ಜೋಳ, ಹೆಸರು, ಕಡಲೆ, ಶೇಂಗಾ ಬಿತ್ತುತ್ತದೆ. ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಹಳ್ಳಿಗಳು ಇಲ್ಲಿ ಅನೇಕ. ಹೀಗಾಗಿ ಕುಡಿಯುವ ನೀರಿನ ಪೂರೈಕೆಯೇ ಪಂಚಾಯಿತಿಗಳ ಅತಿ ಮುಖ್ಯ ಹೊಣೆ ಎನ್ನಬಹುದು.

ಇತಿಹಾಸ: ಎರಂಬರಗೆ ಎಂದು ಶಾಸನಗಳು ಕರೆಯುವ ಯಲಬುರ್ಗಾ, 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. ಮೊದಲು ಇದೇ ತಾಲೂಕಿನಲ್ಲಿದ್ದ ಇಟಗಿಯ ಮಹಾದೇವ ದೇವಾಲಯವನ್ನು (1112) ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ.

ಇಂದಿನ ಆಡಳಿತವನ್ನು ಅರಿಯಲು ನಿಜಾಮರ ಕಾಲ ಹೆಚ್ಚು ನೆರವಾಗುತ್ತದೆ. ಕೊಪ್ಪಳ, ಯಲಬುರ್ಗಾ ತಾಲೂಕುಗಳು ಹೈದರಾಬಾದಿನ ಸಾಲಾರ್ ಜಂಗ್ ಮನೆತನದ ಜಾಗೀರು. ಕಂದಾಯ ಸರ್ಕಾರಿ ಖಜಾನೆಗೆ ಹೋಗದೆ ಜಾಗೀರುದಾರರ ಎಸ್ಟೇಟಿಗೆ ಸಲ್ಲುತ್ತಿತ್ತು. ಇಂಥ ದೊಡ್ಡ ಜಾಗೀರುಗಳಿಗೆ ಪೊಲೀಸ್ ಮತ್ತು ನ್ಯಾಯದಾನದ ಅಧಿಕಾರವೂ ಇತ್ತು. ಹಳ್ಳಿಯಲ್ಲಿ ವಸೂಲಿ ಮಾಲಿಪಾಟೀಲನದು, ಕಾವಲು ಪೊಲೀಸ್ ಪಾಟೀಲನದು, ಲೆಕ್ಕ ಕುಲಕರ್ಣಿಯದು. ಈ ಹುದ್ದೆಗಳು ವಂಶಪಾರಂಪರ್ಯವಾದ್ದರಿಂದ ರೈತನಿಗೆ ಸರ್ಕಾರವೆಂದರೆ ಈ ಮೂರು ಮನೆಗಳೇ ಆಗಿದ್ದಿರಬೇಕು. ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರುಗಳು ಈ ಸೀಮೆಯಲ್ಲಿ ಇಂದಿಗೂ ಉಳಿದಿವೆ.

ತಾಲೂಕಿನ ಪಶ್ಚಿಮದ ಗಡಿ ಆಗ ಮುಂಬಯಿ ಪ್ರಾಂತದ ಗಡಿಯೂ ಹೌದು. 1947–48ರಲ್ಲಿ ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಅವರ ಮುಂದಾಳತ್ವದಲ್ಲಿ ಹೈದರಾಬಾದ್ ವಿಮೋಚನಾ ಶಿಬಿರಗಳು ನಡೆದವು. ಹೈದರಾಬಾದ್ ಭಾರತಕ್ಕೆ ಸೇರಿದ ಬಳಿಕ 1949ರ ನಿಬಂಧನೆ ಜಾಗೀರುಗಳನ್ನು ರದ್ದುಗೊಳಿಸಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೊಂದಿಗೆ ಯಲಬುರ್ಗಾ ಮೈಸೂರು ರಾಜ್ಯಕ್ಕೆ ಬಂತು. ವಂಶಪಾರಂಪರ್ಯ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ಕೊನೆಗೊಂಡು, ದಫ್ತರ ಸರ್ಕಾರಿ ಗ್ರಾಮಲೆಕ್ಕಿಗರ ಕೈಸೇರಿತು. ಜಾಗೀರು ರದ್ದತಿಗಿಂತ ಈ ಬದಲಾವಣೆಯೇ ಹಳ್ಳಿಯ ಒಳಗನ್ನು ಹೆಚ್ಚು ಮುಟ್ಟಿದಂತೆ ತೋರುತ್ತದೆ.

ಸ್ಥಳೀಯ ಆಡಳಿತ: 1997–98ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳಿದ್ದವು. ಮುಂದೆ ಯಲಬುರ್ಗಾವನ್ನು ಒಡೆದು ಕುಕನೂರು ತಾಲೂಕು ಮಾಡಲಾಯಿತು. ಇಟಗಿ ಈಗ ಆ ತಾಲೂಕಿನಲ್ಲಿದೆ. ಕಂದಾಯಕ್ಕೆ ತಹಶೀಲ್ದಾರರು, ಅಭಿವೃದ್ಧಿಗೆ ತಾಲೂಕು ಪಂಚಾಯಿತಿ ಎಂಬುದು ವ್ಯವಸ್ಥೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಬೀದಿದೀಪ, ನಲ್ಲಿ, ಚರಂಡಿ, ಉದ್ಯೋಗ ಖಾತ್ರಿ ಕೆಲಸಗಳೆಲ್ಲ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮೂಲಕ ನಡೆಯುತ್ತವೆ. 2016ರಲ್ಲಿ ಆಯ್ಕೆಯಾದ ತಾಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದು ಆಡಳಿತಾಧಿಕಾರಿಗಳು ಬಂದ ಮೇಲೆ, ಪಂಚಾಯತ್ ವ್ಯವಸ್ಥೆಯಲ್ಲಿ ಚುನಾಯಿತ ಪ್ರತಿನಿಧಿಗಳು ಉಳಿದದ್ದು ಗ್ರಾಮ ಪಂಚಾಯಿತಿಯ ಹಂತದಲ್ಲಿ ಮಾತ್ರ.