ಮೂವತ್ತು ದಿನ, ಮೂವತ್ತು ಅಡುಗೆ: ಕಲ್ಲಹಳ್ಳಿಯ ಮಂಗರಸನಿಂದ ಅಮ್ಮನ ಕ್ಯಾಲೆಂಡರ್‌ವರೆಗೆ

ಇವತ್ತಿನ ಸಂಚಿಕೆ ಅಡುಗೆ ಬಗ್ಗೆ. ರೆಸಿಪಿ ಮಾತ್ರ ಇಲ್ಲ, ಬರ್ಕೊಳ್ಳೋಕೆ ಪೆನ್ನು ಹಿಡಿದಿರೋರು ಕೆಳಗಿಡಬಹುದು.

2023ರ ಸೆಪ್ಟೆಂಬರ್ 1ರಂದು ನಾನೊಂದು ಚಾಲೆಂಜ್ ತಗೊಂಡೆ. ಮೂವತ್ತು ದಿನ, ದಿನಕ್ಕೊಂದು ಪೋಸ್ಟ್. ವಿಷಯ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಊಟ. ಷರತ್ತು ಒಂದೇ: ಒಂದು ದಿನ ಹಾಕಿದ್ದು ಇನ್ನೊಂದು ದಿನ ಬರಬಾರದು. ಅಡುಗೆ ಮಾಡೋದು ಅಮ್ಮ, ಫೋನ್ ಹಿಡಿಯೋದು ನಾನು. ಈ ಕೆಲಸದ ಹಂಚಿಕೆ ಬಗ್ಗೆ ಆಗ ನನಗೆ ಏನೂ ಅನ್ನಿಸಿರಲಿಲ್ಲ.

ಮೊದಲ ದಿನ ಉಪ್ಸಾರು. ಎರಡನೇ ದಿನ ಬಸ್ಸಾರು. ಮೂರನೇ ದಿನ ಮಸೊಪ್ಪು. ನಾಲ್ಕನೇ ದಿನ ಹಿದುಕಿದ ಅವರೆಬೇಳೆ ಸಾರು ಮಾಡಮ್ಮ ಅಂದೆ. ಅಮ್ಮ ನನ್ನ ಮುಖ ನೋಡಿ, 'ಸೆಪ್ಟೆಂಬರಲ್ಲಿ ಯಾವ ಹೊಲದಲ್ಲಿ ಅವರೆಕಾಯಿ ಬಿಟ್ಟಿದೆ ತೋರ್ಸು ಬಾ' ಅಂದ್ಲು. ಸೊಗಡಿನ ಅವರೆ ಬರೋದು ಇಬ್ಬನಿ ಬಿದ್ದ ಮೇಲೆ, ಡಿಸೆಂಬರ್ ಜನವರಿಗೆ. ಇಷ್ಟು ವರ್ಷ ತಿಂದಿದ್ದೀನಿ, ಯಾವಾಗ ತಿಂದೆ ಅನ್ನೋದು ಗಮನದಲ್ಲೇ ಇಲ್ಲ.

ಎಂಟನೇ ದಿನಕ್ಕೆ ಸ್ಟಾಕ್ ಖಾಲಿ. ಬೈಲಕುಪ್ಪೆಗೆ ಹೋಗಿ ತುಕ್ಪಾ ಹಾಕಿದೆ. ಅದೂ ನಮ್ಮೂರ ಊಟವೇ. ಟಿಬೆಟ್‌ನಿಂದ ಬಂದವರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ನೆಲೆ ನಿಂತು 60 ವರ್ಷ ದಾಟಿದೆ. ಅವರದು ಇನ್ನೂ 'ಹೊರಗಿನ ಊಟ' ಅನ್ನೋರು, ಹಸಿಮೆಣಸಿನಕಾಯಿ ಎಲ್ಲಿಂದ ಬಂತು ಅಂತ ಒಮ್ಮೆ ಹುಡುಕಿ ನೋಡಲಿ. ಮರುದಿನ, ಸೆಪ್ಟೆಂಬರ್ 9ಕ್ಕೆ, ದೆಹಲಿಯಲ್ಲಿ ಜಿ-20 ಭೋಜನಕೂಟ. ಅದು ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ ಆದ್ದರಿಂದ ದೊಡ್ಡ ದೊಡ್ಡ ನಾಯಕರ ತಟ್ಟೆಗೂ ಸಿರಿಧಾನ್ಯ ಬಂತು. ನಮ್ಮ ಮನೆಯಲ್ಲಿ ರಾಗಿ ಮುದ್ದೆ ದಿನಾ ಇತ್ತು. ದಿನಾ ಇದ್ದಿದ್ದಕ್ಕೇ ನಾನು ಅದನ್ನು ಪೋಸ್ಟ್ ಮಾಡಿರಲಿಲ್ಲ.

ಹದಿನೇಳನೇ ದಿನ ರಾತ್ರಿ ಅಮ್ಮನ ಹತ್ರ ಗೋಳಾಡಿದೆ: 'ನಾಳೆ ಏನಮ್ಮ ಮಾಡೋದು?' ಅಮ್ಮ ಪಾತ್ರೆ ತೊಳೀತಾ ಇದ್ಲು. ತಿರುಗಿ ಕೂಡ ನೋಡಲಿಲ್ಲ. 'ನಾಳೆ ಏನ್ ಮಾಡ್ಲಿ ಅಂತ ನಾನು ಮೂವತ್ತು ವರ್ಷದಿಂದ ಕೇಳ್ತಾ ಇದೀನಿ ಕಣೋ. ನೀನು ಹದಿನೇಳು ದಿನಕ್ಕೇ ಸುಸ್ತಾದ್ಯಾ?'

ಆ ರಾತ್ರಿ ನಿದ್ದೆ ಬರಲಿಲ್ಲ. ದಿನಕ್ಕೊಂದು ಊಟದ ಬಗ್ಗೆ ಬರೆಯೋ ಈ ಹುಚ್ಚು ಯಾರಿಂದ ಶುರುವಾಯ್ತು ಅಂತ ಹುಡುಕೋಕೆ ಕೂತೆ. ಎಲ್ಲರೂ ತೋರಿಸೋದು ಜೂಲಿ ಪೊವೆಲ್ ಅವರನ್ನ. ನ್ಯೂಯಾರ್ಕ್‌ನಲ್ಲಿ ಕಚೇರಿ ಕೆಲಸದಲ್ಲಿದ್ದ ಈಕೆ 2002ರ ಆಗಸ್ಟ್‌ನಲ್ಲಿ ಜೂಲಿಯಾ ಚೈಲ್ಡ್ ಅವರ ಫ್ರೆಂಚ್ ಅಡುಗೆ ಪುಸ್ತಕ ಹಿಡಿದು, 365 ದಿನದಲ್ಲಿ 524 ಅಡುಗೆ ಮಾಡಿ ಬರೀತೀನಿ ಅಂತ ಹೊರಟ್ರು. ಅದು ಪುಸ್ತಕವಾಯ್ತು, 2009ರಲ್ಲಿ ಸಿನಿಮಾ ಆಯ್ತು. 2006ರಲ್ಲಿ ನವೆಂಬರ್ ಪೂರ್ತಿ ದಿನಾ ಬರೆಯೋ ಚಾಲೆಂಜ್ ಹುಟ್ಟಿತು. 2010ರಲ್ಲಿ ಏಪ್ರಿಲ್ ತಿಂಗಳು ಎ ಇಂದ ಝಡ್‌ವರೆಗೆ, ಭಾನುವಾರ ರಜೆ ಬಿಟ್ಟು, 26 ಬರಹದ ಚಾಲೆಂಜ್ ಬಂತು. ಅಂದ್ರೆ ಅಮೆರಿಕದವರಿಗೂ ಭಾನುವಾರ ರಜೆ ಇತ್ತು. ನಮ್ಮಮ್ಮನಿಗೆ ಇರಲಿಲ್ಲ.

ಆದ್ರೆ ಇನ್ನೂ ಹಿಂದಕ್ಕೆ ಹೋದ್ರೆ ಕಥೆ ನ್ಯೂಯಾರ್ಕ್ ಬಿಟ್ಟು ಸೀದಾ ನಮ್ಮ ಹೊಲದ ಬದುವಿಗೆ ಬಂದು ನಿಲ್ಲುತ್ತೆ. ಎರಡು ಸಲ.

ಮೊದಲನೆಯದು ಸುಮಾರು 1508. ಹುಣಸೂರು–ಪಿರಿಯಾಪಟ್ಟಣ ಸೀಮೆಯ ಕಲ್ಲಹಳ್ಳಿಗೆ ಆಗ ಒಬ್ಬ ಒಡೆಯ ಇದ್ದ, ಮೂರನೇ ಮಂಗರಸ. ಈ ಕಡೆಯನ್ನು ಆಳುತ್ತಿದ್ದ ಚೆಂಗಾಳ್ವರ ಸಚಿವ ಮನೆತನದವನು, ಜೈನ, ಕವಿ. 'ಜಯನೃಪಕಾವ್ಯ', 'ನೇಮಿಜಿನೇಶ ಸಂಗತಿ', 'ಸಮ್ಯಕ್ತ್ವ ಕೌಮುದಿ' ಎಲ್ಲ ಬರೆದವನು 'ಸೂಪಶಾಸ್ತ್ರ' ಅಂತ ಒಂದು ಅಡುಗೆ ಪುಸ್ತಕವನ್ನೂ ಬರೆದ. ಅದೂ ಪದ್ಯದಲ್ಲಿ, ವಾರ್ಧಕ ಷಟ್ಪದಿಯಲ್ಲಿ. ಆರು ಸಾಲಿನಲ್ಲಿ ಏನು ಹಾಕಬೇಕು, ಹೇಗೆ ಬೇಯಿಸಬೇಕು, ಹೇಗೆ ಘಮ ಬರಿಸಬೇಕು, ಅಷ್ಟೂ ಮುಗೀಬೇಕು. ಇವತ್ತಿನ ಕ್ಯಾಪ್ಷನ್‌ಗಿಂತ ಕಷ್ಟದ ಕೆಲಸ. ರೊಟ್ಟಿಯಲ್ಲೇ ಎಷ್ಟು ಥರ: ಮೇಲೂ ಕೆಳಗೂ ಕಾವು ಕೊಟ್ಟು ಸುಡೋ ಮುಚ್ಚಳ ರೊಟ್ಟಿ, ಕಾವಲಿ ಮೇಲೆ ತುಪ್ಪ ಹಾಕಿ ಬೇಯಿಸೋ ಕಿವಿಚು ರೊಟ್ಟಿ. ಆಮೇಲೆ ಹೋಳಿಗೆ, ಮಂಡಿಗೆ, ಪಾನಕ, ಪಾಯಸ, ಅನ್ನದ ಬಗೆಗಳು. ಬದನೆ, ಬಾಳೆ, ಹಲಸು ಒಂದೊಂದರಲ್ಲೂ ಹಲವು ಬಗೆ. ಒಂದೇ ತರಕಾರಿ ಹಿಡಿದು ಬಗೆ ಮೇಲೆ ಬಗೆ ಹೇಳ್ತಾ ಹೋಗೋದನ್ನ ನೋಡಿದ್ರೆ, ಬದನೆಕಾಯಿ ಚಾಲೆಂಜ್ ಒಂದನ್ನ ಈತ ಒಬ್ಬನೇ ಮುಗಿಸಿಬಿಡ್ತಿದ್ದ ಅನ್ಸುತ್ತೆ. ಇದನ್ನೆಲ್ಲ ಇಂಗ್ಲಿಷ್ ಓದುಗರಿಗೆ ಪರಿಚಯಿಸಿದವರಲ್ಲಿ ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ.ಅಚ್ಚಯ್ಯ ಮುಖ್ಯರು.

ನನ್ನ ಊರಿನ ಪಕ್ಕದಲ್ಲಿ ಇಂಥ ಪುಸ್ತಕ ಹುಟ್ಟಿದೆ ಅಂತ ತಿಳಿದು ಎದೆ ಉಬ್ಬಿತು, ಸುಳ್ಳು ಹೇಳಲ್ಲ. ಹದಿನೆಂಟನೇ ದಿನದ ಪೋಸ್ಟ್ ಸಿಕ್ತು ಅಂತಾನೂ ಖುಷಿ. ಆದ್ರೆ ಓದ್ತಾ ಹೋದಂಗೆ ಒಂದು ಗೊತ್ತಾಯ್ತು. ಹಾಲು, ತುಪ್ಪ, ಸಕ್ಕರೆ, ಪಚ್ಚಕರ್ಪೂರ ಧಾರಾಳವಾಗಿರೋ ಅಡುಗೆಮನೆ ಇದು. ಒಡೆಯನ ಮನೆಯದು. ನಾಟಿ ಮುಗಿಸಿ ಕೆಸರುಗಾಲಲ್ಲಿ ಬಂದು ಒಲೆ ಹಚ್ಚೋರ ಮನೆಯದಲ್ಲ. ಬಗೆಬಗೆ ಇದ್ದಿದ್ದು ಪದ್ಯ ಆಯ್ತು. ದಿನಾ ಒಂದೇ ಇದ್ದಿದ್ದನ್ನ ಯಾರು ಬರೀತಾರೆ?

ಅದೇ ಶತಮಾನದಲ್ಲಿ ಒಬ್ಬರು ಬರೆದ್ರು, ಕನಕದಾಸರು. 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ರಾಗಿಗೆ ಅಲ್ಲಿ ನರೆದಲೆಗ ಅಂತ ಹೆಸರು. ಯಾರು ಶ್ರೇಷ್ಠ ಅನ್ನೋದು ತೀರ್ಮಾನ ಆಗದೆ ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡ್ತಾನೆ. ಬಾಗಿಲು ತೆಗೆದಾಗ ಭತ್ತ ಸೊರಗಿದೆ, ರಾಗಿ ಹಾಗೇ ಇದೆ. ನಮ್ಮಜ್ಜಿಗೆ ಇದು ಕಾವ್ಯ ಅಂತ ಗೊತ್ತಿರಲಿಲ್ಲ. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡಲ್ಲ ಅನ್ನೋದು ಗೊತ್ತಿತ್ತು. ಆದ್ರೂ ನೋಡಿ, ಕನಕದಾಸರು ಬರೆದಿದ್ದು ಧಾನ್ಯದ ಮರ್ಯಾದೆ ಬಗ್ಗೆ. ಮುದ್ದೆ ತೊಳೆಸಿದ ಕೈ ಬಗ್ಗೆ ಅಲ್ಲ.

ಎರಡನೆಯವನು ಬಂದಿದ್ದು 1800ರಲ್ಲಿ. ಇವನೇ ನಿಜವಾದ ಡೈಲಿ ಪೋಸ್ಟ್ ಗಿರಾಕಿ: ಫ್ರಾನ್ಸಿಸ್ ಬುಕಾನನ್, ಸ್ಕಾಟ್ಲೆಂಡಿನ ಡಾಕ್ಟರು, ಈಸ್ಟ್ ಇಂಡಿಯಾ ಕಂಪನಿ ನೌಕರ. 1799ರ ಮೇ 4ರಂದು ಟಿಪ್ಪು ಸತ್ತ. ಕೈಗೆ ಬಂದ ಸೀಮೆಯಲ್ಲಿ ಏನಿದೆ ಅಂತ ಲೆಕ್ಕ ಬೇಕಾಯ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನ ಕಳಿಸಿದ. 1800ರ ಏಪ್ರಿಲ್ 23ರಂದು ಮದ್ರಾಸ್ ಬಿಟ್ಟ ಬುಕಾನನ್, ಒಂದು ವರ್ಷಕ್ಕೂ ಮೇಲೆ ಮೈಸೂರು, ಕೆನರಾ, ಮಲಬಾರ್ ಸುತ್ತಿದ. ಬರಹ ಪೂರ್ತಿ ತಾರೀಖಿನ ಲೆಕ್ಕದಲ್ಲಿ: ಇವತ್ತು ಇಲ್ಲಿಂದ ಅಲ್ಲಿಗೆ ಹೋದೆ, ಇದನ್ನು ನೋಡಿದೆ, ಇವರು ಹೀಗಂದರು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು.

ನಮ್ಮ ಕಡೆ ಬಂದಿದ್ದು ಸೆಪ್ಟೆಂಬರ್‌ನಲ್ಲಿ. ನನ್ನ ಚಾಲೆಂಜ್ ತಿಂಗಳೇ! ಪಿರಿಯಾಪಟ್ಟಣ ಅವನ ಕೈಯಲ್ಲಿ 'ಪ್ರಿಯ-ಪಟ್ಟಣ' ಆಗಿದೆ, ಹೆಗ್ಗಡದೇವನಕೋಟೆ 'ಹೆಗೋಡು ದೇವನ ಕೋಟೆ' ಆಗಿದೆ. ಪಿರಿಯಾಪಟ್ಟಣದ ಒಳಕೋಟೆ ಪಾಳು ಬಿದ್ದು ಹುಲಿಗಳು ಸೇರಿಕೊಂಡಿದ್ವು. ಕೆಲವು ರಾತ್ರಿ ಹಿಂದೆ ದಾರಿ ತಪ್ಪಿ ಒಳಗೆ ಹೋದ ಕುದುರೆ ಉಳಿಯಲಿಲ್ಲ, ಮಟಮಟ ಮಧ್ಯಾಹ್ನವೂ ಒಬ್ಬೊಬ್ಬರೇ ಹೋಗಬಾರದು ಅನ್ನೋ ಸ್ಥಿತಿ ಅಂತ ಬರೆದಿದ್ದಾನೆ. ಎಚ್.ಡಿ.ಕೋಟೆ ಕಡೆ ಕಾಡು ಕುರುಬರನ್ನ ಕಂಡ. ಅವರು ಕಾಡಿನ ಗೆಣಸು ತಿಂದು ಬದುಕೋದು, ರಾತ್ರಿ ಪಂಜು ಹಿಡಿದು ರೈತರ ಹೊಲದಿಂದ ಆನೆ ಓಡಿಸೋದು ಎಲ್ಲ ದಾಖಲಾಗಿದೆ. ಇನ್ನೂರು ವರ್ಷ ಆದ್ರೂ ಎಚ್.ಡಿ.ಕೋಟೆಯಲ್ಲಿ ರಾತ್ರಿ ಆನೆ ಕಾಯೋ ಕೆಲಸ ನಿಂತಿಲ್ಲ. ಪಂಜಿನ ಜಾಗಕ್ಕೆ ಟಾರ್ಚು, ಪಟಾಕಿ ಬಂದಿದೆ.

ಬಿ.ಕಾಂ ಓದಿದವರಿಗೆ ಇಲ್ಲೊಂದು ವಿಷಯ ತಟ್ಟನೆ ಹೊಳೆಯುತ್ತೆ. ನಮಗೆ 'ಪೋಸ್ಟಿಂಗ್' ಅಂತ ಮೊದಲು ಹೇಳಿಕೊಟ್ಟಿದ್ದು ಇನ್‌ಸ್ಟಾಗ್ರಾಂ ಅಲ್ಲ, ಅಕೌಂಟೆನ್ಸಿ ಮೇಷ್ಟ್ರು. ದಿನದ ವ್ಯವಹಾರ ಜರ್ನಲ್‌ನಲ್ಲಿ ಬರೀಬೇಕು, ಅಲ್ಲಿಂದ ಲೆಡ್ಜರ್‌ಗೆ ಏರಿಸಬೇಕು, ಆ ಏರಿಸೋದೇ ಪೋಸ್ಟಿಂಗ್. ಬುಕಾನನ್‌ದು ಜರ್ನಲ್. ಲೆಡ್ಜರ್ ಇದ್ದಿದ್ದು ಕಂಪನಿ ಹತ್ರ. ಅದಕ್ಕೇ ಅವನ ಪ್ರಶ್ನೆಗಳು ಹಾಗಿವೆ: ಎಷ್ಟು ಉಳುಮೆ, ಎಷ್ಟು ಬಿತ್ತನೆ, ಎಷ್ಟು ಫಸಲು, ಕಂದಾಯ ಎಷ್ಟು. ಒಣ ಹೊಲದ ಬೆಳೆಗಳಲ್ಲಿ ರಾಗಿಯೇ ಎಲ್ಲಕ್ಕಿಂತ ಮುಖ್ಯ, ಬಡವರ ದಿನದ ಊಟ ಅದೇ ಅಂತ ಶ್ರೀರಂಗಪಟ್ಟಣದ ಹತ್ರವೇ ಗುರುತಿಸಿದ್ದ. ಮಂಗರಸನಿಗೆ ಬೇಡವಾಗಿದ್ದ ದಿನದ ಊಟವನ್ನ ಇವನು ಬರೆದ, ಆದ್ರೆ ಆದಾಯದ ಕಡೆಯಿಂದ. ಅಡುಗೆಮನೆ ಬಾಗಿಲ ತನಕ ಬಂದು ಕಣಜ ಅಳೆದು ವಾಪಸ್ ಹೋದ.

ನಾನೂ ಅದನ್ನೇ ಮಾಡಿದ್ದೆ ಅಂತ ಒಪ್ಕೋಬೇಕು. ಹನ್ನೊಂದನೇ ದಿನ ಎಚ್.ಡಿ.ಕೋಟೆ ತಾಲ್ಲೂಕಿನ ಒಂದು ಹಾಡಿಗೆ ಹೋಗಿದ್ದೆ. ಕಾಡುಗೆಣಸು ಬೇಯಿಸೋದು ವಿಡಿಯೊ ಬೇಕಿತ್ತು. ಜೇನುಕುರುಬ ಸಮುದಾಯದ ಒಬ್ಬ ಅಜ್ಜಿ ಒಲೆ ಮೇಲಿನ ಪಾತ್ರೆ ಮುಚ್ಚಳ ತೆಗೆದು ತೋರಿಸಿದ್ರು. ಅನ್ನ. 'ರೇಷನ್ ಅಕ್ಕಿ ಮಗ. ಗೆಣಸು ಈಗೆಲ್ಲಿ' ಅಂದ್ರು. ನಾಗರಹೊಳೆ 1955ರಲ್ಲಿ ಅಭಯಾರಣ್ಯ ಆಯ್ತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಒಂದೊಂದು ಹೆಸರು ಬದಲಾದಾಗಲೂ ಆ ಅಜ್ಜಿಯ ಪಾತ್ರೆ ಕಾಡಿನಿಂದ ಇನ್ನಷ್ಟು ದೂರ ಆಗಿದೆ. ನಾನು ಏನು ಮಾಡಿದೆ? ವಿಡಿಯೊ ಬೇಕಾದ ಹಾಗಿಲ್ಲ ಅಂತ ವಾಪಸ್ ಬಂದು, ಮಾರ್ಕೆಟ್ಟಿನಿಂದ ಗೆಣಸು ತಂದು ಮನೆಯಲ್ಲೇ ಬೇಯಿಸಿ, 'ಕೋಟೆ ಕಾಡಿನ ರುಚಿ' ಅಂತ ಹಾಕಿದೆ. ಆ ಮೂವತ್ತು ದಿನದಲ್ಲಿ ಜಾಸ್ತಿ ಲೈಕ್ ಬಂದಿದ್ದು ಅದಕ್ಕೇ. ಈಗ ತೆಗೆದುಹಾಕಿದ್ದೀನಿ.

ಆ ತಿಂಗಳು ಮಳೆ ಕೈಕೊಟ್ಟು, ರಾಜ್ಯ ಸರ್ಕಾರ ಬರಪೀಡಿತ ತಾಲ್ಲೂಕುಗಳ ಪಟ್ಟಿ ಹೊರಡಿಸಿತ್ತು. ನಮ್ಮ ಹೊಲಗಳ ಲೆಕ್ಕ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ತಟ್ಟೆಯಲ್ಲಿ ಏನಿದೆ ಅನ್ನೋದು ಅಲ್ಲೇ ತೀರ್ಮಾನ ಆಗೋದು. ಕಾವೇರಿ ನಾಲೆ ಇರೋ ಕೆ.ಆರ್.ನಗರ, ಅಂದ್ರೆ ಹಳೇ ಎಡತೊರೆ ಸೀಮೆ, ಭತ್ತದ್ದು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಕೆಂಪು ಒಣಭೂಮಿ ವರ್ಜೀನಿಯಾ ಹೊಗೆಸೊಪ್ಪಿನದು. 1976ರಲ್ಲಿ ತಂಬಾಕು ಮಂಡಳಿ ಆಯ್ತು, ಆಮೇಲೆ ಹರಾಜು ಮಾರುಕಟ್ಟೆಗಳು ಬಂದವು. ಮುಂಗಾರಿಗೆ ಹೊಗೆಸೊಪ್ಪು ಹಾಕಿ, ಎಲೆ ಬಿಡಿಸಿ ಬ್ಯಾರನ್‌ನಲ್ಲಿ ಹದ ಮಾಡಿ, ಅದೇ ಹೊಲಕ್ಕೆ ಹಿಂದಿನಿಂದಲೇ ರಾಗಿ ಇಲ್ಲಾ ಹುರುಳಿ. ಮೊದಲನೇದು ಸಾಲ ತೀರಿಸೋಕೆ, ಎರಡನೇದು ಹೊಟ್ಟೆಗೆ. ನಮ್ಮ ಮನೆಯ ಹುರುಳಿಕಟ್ಟು ಸಾರು ವಾರಕ್ಕೆ ಮೂರು ಸಲ ಬರೋದು ಅಮ್ಮನಿಗೆ ಬೇರೆ ಅಡುಗೆ ಬರಲ್ಲ ಅಂತ ಅಲ್ಲ. ಹೊಗೆಸೊಪ್ಪಿನ ಬೆನ್ನಿಗೆ ಹೊಲದಲ್ಲಿ ಉಳಿಯೋ ಹಸಿ ಅಷ್ಟೇ.

ಹದಿನೆಂಟನೇ ದಿನ ಗೌರಿ–ಗಣೇಶ ಹಬ್ಬ, ಕಡುಬು ತಾನಾಗೇ ಬಂತು. ಮಂಗರಸನ ಕಥೆ ಅದರ ಜೊತೆಗೆ ಹೋಯ್ತು. ಹತ್ತೊಂಬತ್ತರಿಂದ ಷರತ್ತು ಬಿಟ್ಟೆ. ಅಮ್ಮ ಏನು ಮಾಡ್ತಾಳೋ ಅದು. ಮುದ್ದೆ, ಹುರುಳಿ ಸಾರು. ಮುದ್ದೆ, ಉಪ್ಸಾರು. ಮತ್ತೆ ಮುದ್ದೆ, ನಿನ್ನೆ ಉಳಿದ ಸಾರು. ಲೈಕ್ ಬಿತ್ತು, ಅಂದ್ರೆ ಕೆಳಗೆ ಬಿತ್ತು.

ಇಪ್ಪತ್ತೈದನೇ ದಿನ ಬೆಳಿಗ್ಗೆ ಗ್ಯಾಸ್ ಮುಗೀತು. ಅಡುಗೆಮನೆ ಗೋಡೆಯಲ್ಲಿ ಕ್ಯಾಲೆಂಡರ್ ಇದೆ. ಹಾಲು ಎಷ್ಟು ಲೀಟರ್, ಚೀಟಿ ದುಡ್ಡು ಯಾವತ್ತು, ರಾಗಿ ಮಿಲ್ಲಿಗೆ ಹೋಗಿದ್ದು ಯಾವತ್ತು, ಸಿಲಿಂಡರ್ ಹಾಕಿದ್ದು ಯಾವತ್ತು, ಎಲ್ಲ ಅಮ್ಮ ಸಣ್ಣ ಅಕ್ಷರದಲ್ಲಿ ಬರೆದಿಟ್ಟಿರ್ತಾಳೆ. ಒಂದು ದಿನವೂ ತಪ್ಪಿಲ್ಲ. ನಾನು ಹಾಳೆ ಹಿಂದಕ್ಕೆ ತಿರುಗಿಸಿದೆ. ಮೇ 27, ಸಿಲಿಂಡರ್. ಜುಲೈ 10, ಸಿಲಿಂಡರ್. ಆಗಸ್ಟ್ 24, ಸಿಲಿಂಡರ್. ನಲವತ್ನಾಲ್ಕು ದಿನ, ನಲವತ್ತೈದು ದಿನ. ಈ ಸಲ ಮೂವತ್ತೆರಡು. ಆಗಸ್ಟ್ ಕೊನೆಯಲ್ಲಿ ಕೇಂದ್ರ ಸರ್ಕಾರ ಸಿಲಿಂಡರ್‌ಗೆ 200 ರೂಪಾಯಿ ಇಳಿಸಿತ್ತು, ಅಷ್ಟರ ಮಟ್ಟಿಗೆ ನಾನು ಬಚಾವ್.

ಮೂವತ್ತನೇ ದಿನ ಆ ಕ್ಯಾಲೆಂಡರ್ ಹಾಳೆಗಳ ಫೋಟೊ ಹಾಕಿದೆ. ಅಮ್ಮ ಸಂಜೆ ಯಾರದೋ ಫೋನಲ್ಲಿ ನೋಡ್ಕೊಂಡು ಬಂದು, 'ಮನೆ ಹಾಲಿನ ಲೆಕ್ಕ ಊರಿಗೆಲ್ಲ ಯಾಕೋ ತೋರಿಸ್ತೀಯಾ, ತೆಗಿ ಮೊದ್ಲು' ಅಂದ್ಲು. ತೆಗೆದೆ. ಗೆಣಸಿಂದು ಆಗಲೇ ತೆಗೆದಿದ್ದೆ. ಹಾಗಾಗಿ ಚಾಲೆಂಜ್ ಮುಗಿದಿದ್ದು ಇಪ್ಪತ್ತೆಂಟಕ್ಕೆ.