ನ್ಯೂಯಾರ್ಕ್ ನಗರದ ಕಟ್ಟಡ ನಿಯಮಾವಳಿ: ರಚನಾ ವಿನ್ಯಾಸದಲ್ಲಿ ಅದನ್ನು ಓದಿಕೊಂಡ ಬಗೆ

ನ್ಯೂಯಾರ್ಕ್ ಕಟ್ಟಡ ನಿಯಮಾವಳಿಯ ಚರಿತ್ರೆಯನ್ನು ಆವೃತ್ತಿಗಳ ಸಾಲಾಗಿ ಹೇಳುವುದು ವಾಡಿಕೆ: 1899, 1938, 1968, 2008, 2014, 2022. ಈ ಸಾಲು ತಪ್ಪಲ್ಲ. ಆದರೆ ಕಂಬ, ತೊಲೆಗಳ ಲೆಕ್ಕ ಹಾಕುವವರು ಆ ನಿಯಮಗಳನ್ನು ಹೇಗೆ ಓದಿಕೊಂಡರು ಎಂಬುದು ಇದರಿಂದ ತಿಳಿಯದು. ನಿಯಮ ಬರೆದವರ ಕಣ್ಣಮುಂದೆ ಇದ್ದದ್ದು ಆಗಲೇ ಎದ್ದು ನಿಂತ ಕಟ್ಟಡಗಳು. ಹೊಸ ಬಗೆಯ ಕಟ್ಟಡ ಬಂದಾಗ ನಿಯಮ ಮೌನವಾಗುತ್ತಿತ್ತು, ಆ ಮೌನಕ್ಕೆ ಯಾರಾದರೂ ಒಂದು ಅರ್ಥ ಕೊಡಲೇಬೇಕಿತ್ತು. ಬ್ರಾಡ್‌ವೇ ರಸ್ತೆಯಲ್ಲಿ 1889ರಲ್ಲಿ ಮುಗಿದ ಟವರ್ ಬಿಲ್ಡಿಂಗ್ ಇದಕ್ಕೆ ಮೊದಲ ಸ್ಪಷ್ಟ ನಿದರ್ಶನ. ನಿವೇಶನದ ಅಗಲ ಸುಮಾರು 6.5 ಮೀಟರ್. ಹನ್ನೊಂದು ಅಂತಸ್ತಿಗೆ ಆಗಿನ ಕಾನೂನು ಕೇಳುತ್ತಿದ್ದ ದಪ್ಪದ ಇಟ್ಟಿಗೆ ಗೋಡೆ ಕಟ್ಟಿದ್ದರೆ ನೆಲಮಹಡಿಯಲ್ಲಿ ಉಪಯೋಗಕ್ಕೆ ಬರುವಷ್ಟು ಜಾಗ ಉಳಿಯುತ್ತಿರಲಿಲ್ಲ. ವಾಸ್ತುಶಿಲ್ಪಿ ಬ್ರಾಡ್‌ಫರ್ಡ್ ಗಿಲ್ಬರ್ಟ್ ಕೆಳಗಿನ ಅಂತಸ್ತುಗಳ ಭಾರವನ್ನು ಲೋಹದ ಚೌಕಟ್ಟಿನ ಮೇಲೆ ಹೊರಿಸಿದರು. ಪರೀಕ್ಷಕರ ಮಂಡಳಿ ಒಪ್ಪಿಗೆ ಕೊಟ್ಟಿತು. ಬಿರುಗಾಳಿಯಲ್ಲಿ ಗಿಲ್ಬರ್ಟ್ ತಾವೇ ಮೇಲೇರಿ ತೂಕದ ಗುಂಡು ಇಳಿಬಿಟ್ಟು ಕಟ್ಟಡ ಅಲುಗುವುದಿಲ್ಲವೆಂದು ತೋರಿಸಿದ ಕಥೆ ಎಷ್ಟೋ ವರ್ಷಗಳ ಮೇಲೆ ಅವರೇ ಹೇಳಿಕೊಂಡದ್ದು. ಅದನ್ನು ಅಷ್ಟೇ ಎಚ್ಚರಿಕೆಯಿಂದ ಸ್ವೀಕರಿಸಬೇಕು. ಅನುಮತಿ ಮೊದಲು ಬಂತು, ಅಂಥ ಚೌಕಟ್ಟಿಗೆ ನಿಯಮ ಬಂದದ್ದು ಆಮೇಲೆ ಎಂಬುದಷ್ಟೇ ಇಲ್ಲಿ ಮುಖ್ಯ.

ವಿಶ್ವ ವಾಣಿಜ್ಯ ಕೇಂದ್ರದ ವಿಷಯದಲ್ಲಿ ಗೊಂದಲ ಬೇರೆ ಬಗೆಯದು. ಅದನ್ನು ಕಟ್ಟಿಸಿದ, ಎರಡು ರಾಜ್ಯಗಳ ಒಪ್ಪಂದದಿಂದ ಹುಟ್ಟಿದ ಪೋರ್ಟ್ ಅಥಾರಿಟಿಗೆ ನಗರದ ನಿಯಮಾವಳಿ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಅವಳಿ ಗೋಪುರಗಳು ನಿಯಮದ ಹೊರಗೇ ಎದ್ದವು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ದಾಖಲೆಗಳು ಹೇಳುವುದು ಹಾಗಲ್ಲ. 1963ರಲ್ಲಿ ಪ್ರಾಧಿಕಾರವೇ ವಿನ್ಯಾಸಕಾರರಿಗೆ ನಗರದ ನಿಯಮ ಪಾಲಿಸುವಂತೆ ಸೂಚಿಸಿತ್ತು. 1965ರಲ್ಲಿ ಅದನ್ನು ಬದಲಿಸಿ, ಇನ್ನೂ ಕರಡಾಗಿದ್ದ ಹೊಸ ನಿಯಮಾವಳಿಯನ್ನು ಅನುಸರಿಸಲು ಹೇಳಿತು. ಆ ಕರಡು ಜಾರಿಗೆ ಬಂದದ್ದು 1968ರ ಡಿಸೆಂಬರಿನಲ್ಲಿ. ಹೊಸ ನಿಯಮದಲ್ಲಿ ಎರಡು ವರ್ಗಗಳು ಲಭ್ಯವಿದ್ದವು. ಒಂದರಲ್ಲಿ ಕಂಬಗಳು ಬೆಂಕಿಯನ್ನು ನಾಲ್ಕು ಗಂಟೆ, ಮಹಡಿಗಳು ಮೂರು ಗಂಟೆ ತಡೆಯಬೇಕಿತ್ತು. ಇನ್ನೊಂದರಲ್ಲಿ ಮೂರು ಮತ್ತು ಎರಡು ಗಂಟೆ. ಆಯ್ಕೆಯಾದದ್ದು ಎರಡನೆಯದು. ಇದು ನಿಯಮಭಂಗವಲ್ಲ. ಆದರೆ ನಿಯಮ ಪಾಲಿಸಲಾಯಿತೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಎಷ್ಟು ಕಡಿಮೆ ಹೇಳುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ವಿವಾದ ಅತಿ ದಟ್ಟವಾಗಿರುವುದು 1977ರಲ್ಲಿ ಮುಗಿದ 59 ಅಂತಸ್ತಿನ ಸಿಟಿಕಾರ್ಪ್ ಸೆಂಟರ್ ಸುತ್ತ. ನಿವೇಶನದ ಒಂದು ಮೂಲೆಯಲ್ಲಿ ಚರ್ಚ್ ಇರಬೇಕಾಗಿದ್ದರಿಂದ ಎಂಜಿನಿಯರ್ ವಿಲಿಯಂ ಲೆಮೆಜರಿಯರ್ ಬುಡದ ಭಾರೀ ಕಂಬಗಳನ್ನು ಮೂಲೆಗಳ ಬದಲು ನಾಲ್ಕೂ ಬದಿಗಳ ನಡುವೆ ನಿಲ್ಲಿಸಿದರು. ಗಾಳಿ ಮುಖಕ್ಕೆ ನೇರವಾಗಿ ಬಡಿಯುವ ಸ್ಥಿತಿಯನ್ನು ಪರೀಕ್ಷಿಸಿದರೆ ಆಗಿನ ನಿಯಮಕ್ಕೆ ಸಾಕಿತ್ತು. 1978ರಲ್ಲಿ ಗಾಳಿ ಮೂಲೆಯ ಕಡೆಯಿಂದ ಬೀಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿದಾಗ ಗಾಳಿಯನ್ನು ತಡೆಯುವ ಕೆಲವು ಓರೆಪಟ್ಟಿಗಳ ಮೇಲಿನ ಬಲ ಶೇ. 40ರಷ್ಟು, ಅವುಗಳ ಕೀಲುಗಳ ಮೇಲಿನ ಎಳೆತ ಶೇ. 160ರಷ್ಟು ಏರಿತು. ಈ ಎರಡು ಅಂಕಿಗಳ ಅಂತರಕ್ಕೆ ಕಾರಣ ಸರಳ ಕಳೆಯುವ ಲೆಕ್ಕ. ಗಾಳಿಯ ಎಳೆತ 100, ಅದನ್ನು ಅದುಮಿ ಹಿಡಿಯುವ ಕಟ್ಟಡದ ಸ್ವಂತ ಭಾರ 75 ಎಂದುಕೊಂಡರೆ ಕೀಲಿನ ಬೋಲ್ಟುಗಳ ಪಾಲಿಗೆ ಉಳಿಯುವುದು 25. ಎಳೆತ 140 ಆದರೂ ಭಾರ ಹೆಚ್ಚುವುದಿಲ್ಲ, ಆಗ ಬೋಲ್ಟುಗಳ ಪಾಲು 65. ಇದಕ್ಕೆ ಮತ್ತೊಂದು ನಿರ್ಧಾರ ಸೇರಿಕೊಂಡಿತ್ತು: ಓರೆಪಟ್ಟಿಗಳನ್ನು ಕಂಬವೆಂದು ಎಣಿಸದೆ ಟ್ರಸ್ಸಿನ ಅಂಗವೆಂದು ಎಣಿಸಿದ್ದರಿಂದ ಕಂಬಗಳಿಗೆ ಕಡ್ಡಾಯವಾದ ಸುರಕ್ಷತಾ ಗುಣಾಂಕ ಅವುಗಳಿಗೆ ಅನ್ವಯಿಸಲಿಲ್ಲ. ಪೂರ್ತಿ ಬೆಸುಗೆಯ ಕೀಲುಗಳ ಬದಲು ಬೋಲ್ಟ್ ಹಾಕಲಾಗಿತ್ತು. ನಗರದ ಅಧಿಕಾರಿಗಳಿಗೆ ತಿಳಿಸಿ, ರಾತ್ರಿ ಹೊತ್ತು ಕೀಲುಗಳ ಮೇಲೆ ಉಕ್ಕಿನ ಫಲಕಗಳನ್ನು ಬೆಸೆಯಲಾಯಿತು. ಸಾರ್ವಜನಿಕರಿಗೆ ಪೂರ್ತಿ ವಿಷಯ ತಿಳಿದದ್ದು 1995ರಲ್ಲಿ, ನ್ಯೂಯಾರ್ಕರ್ ಪತ್ರಿಕೆಯ ಲೇಖನದಿಂದ.

ಇದು ನಿಯಮದ ದೋಷ, ಓದಿದವರದಲ್ಲ ಎಂಬ ಆಕ್ಷೇಪ ಸಹಜ. ನಿಯಮ ಕೇಳದ್ದನ್ನು ಎಂಜಿನಿಯರ್ ಏಕೆ ಮಾಡಬೇಕು? ಮೂಲೆಗಾಳಿಯ ಮಟ್ಟಿಗೆ ಈ ವಾದಕ್ಕೆ ಬಲವಿದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ (ನಿಸ್ಟ್) ಸಂಶೋಧಕರು ಪ್ರಕಟಿಸಿದ ವಿಶ್ಲೇಷಣೆ ಆ ವಾದವನ್ನೂ ಅಲುಗಿಸಿತು: ಇಂಥ ಕಟ್ಟಡದಲ್ಲಿ ಮೂಲೆಗಾಳಿಯ ಪರಿಣಾಮ ನೇರಗಾಳಿಯದಕ್ಕಿಂತ ಹೆಚ್ಚಲ್ಲ ಎಂಬುದು ಅದರ ತೀರ್ಮಾನ. ಅದನ್ನು ಒಪ್ಪಿದರೆ ಕಥೆಯ ನಡುಗಂಬವೇ ಕಳಚುತ್ತದೆ. ಆಗಲೂ ಉಳಿಯುವುದು ಕೀಲಿನ ಪ್ರಶ್ನೆ. ಓರೆಪಟ್ಟಿ ಕಂಬವೋ ಟ್ರಸ್ಸೋ ಎಂಬುದನ್ನು ತೀರ್ಮಾನಿಸಿದ್ದು ನಿಯಮವಲ್ಲ, ಅದನ್ನು ಓದಿದವರು. ಪ್ರಸಿದ್ಧವಾದದ್ದು ಗಾಳಿಯ ದಿಕ್ಕು, ಚರ್ಚೆಯಾಗಬೇಕಿದ್ದದ್ದು ವರ್ಗೀಕರಣ.

ಭೂಕಂಪದ ನಿಯಮ ತಡವಾಗಿ ಬಂತು. 1884ರಲ್ಲೇ ನಗರ ಸುಮಾರು 5ರ ತೀವ್ರತೆಯಲ್ಲಿ ನಡುಗಿದ್ದರೂ ಕಂಪನದ ಲೆಕ್ಕ ಕಡ್ಡಾಯವಾದದ್ದು 1995ರ 17ನೇ ಸ್ಥಳೀಯ ಕಾನೂನಿನಿಂದ. 2008ರ ಜುಲೈಯಲ್ಲಿ ನಗರ ತನ್ನದೇ ಭಾಷೆಯನ್ನು ಬಿಟ್ಟು ಅಂತರರಾಷ್ಟ್ರೀಯ ಮಾದರಿ ನಿಯಮಾವಳಿಯನ್ನು ತನಗೆ ತಕ್ಕಂತೆ ತಿದ್ದಿ ಅಳವಡಿಸಿಕೊಂಡಿತು. ದೇಶದ ಬಹುಭಾಗದಲ್ಲಿ ಬಳಕೆಯಲ್ಲಿರುವ ಪಠ್ಯ ಬಂದಮೇಲೆ ಸ್ಥಳೀಯ ವ್ಯಾಖ್ಯಾನಕ್ಕೆ ಕೆಲಸವಿಲ್ಲ ಎಂದು ಕೆಲವರು ವಾದಿಸುತ್ತಾರೆ. ಅದೇ ನಿಯಮಾವಳಿಯ ಒಂದು ವಿಧಿ ಇದಕ್ಕೆ ಉತ್ತರ ಕೊಡುತ್ತದೆ: 600 ಅಡಿಗಿಂತ ಎತ್ತರದ, ಇಲ್ಲವೇ ಅಗಲದ ಏಳರಷ್ಟು ಅಥವಾ ಹೆಚ್ಚು ಎತ್ತರವಿರುವ ಕಟ್ಟಡಗಳ ವಿನ್ಯಾಸವನ್ನು ಸ್ವತಂತ್ರ ಎಂಜಿನಿಯರ್ ಒಬ್ಬರು ಮರುಪರಿಶೀಲಿಸಬೇಕು. ಏಳಕ್ಕಿಂತ ಹೆಚ್ಚು ಅಂತಸ್ತಿನ ಕಟ್ಟಡದಲ್ಲಿ ಒಂದೇ ಅಂಗ ಒಟ್ಟು ವಿಸ್ತೀರ್ಣದ ಶೇ. 15ಕ್ಕಿಂತ ಹೆಚ್ಚನ್ನು ಹೊತ್ತಿದ್ದರೂ ಇದೇ ನಿಯಮ. ಅಂದರೆ ಪಠ್ಯ ಒಂದೇ ಆದರೂ ಎರಡನೆಯ ಓದುಗರೊಬ್ಬರು ಬೇಕೆಂದು ನಗರವೇ ಒಪ್ಪಿಕೊಂಡಿದೆ. ಹಳೆಯ ಕಟ್ಟಡಗಳ ಮಾರ್ಪಾಟಿನಲ್ಲಿ ಸಮಸ್ಯೆ ಇನ್ನೂ ಜಟಿಲ. 2008ಕ್ಕೆ ಮುಂಚಿನ ಕಟ್ಟಡದ ಮಾಲೀಕ, ಕೆಲವು ಮಿತಿಗಳೊಳಗೆ, 1968ರ ಅಥವಾ ಅದಕ್ಕೂ ಹಿಂದಿನ ನಿಯಮವನ್ನೇ ಆರಿಸಿಕೊಳ್ಳಬಹುದು. ಹೀಗಾಗಿ ಒಂದೇ ಬೀದಿಯಲ್ಲಿ ಅಕ್ಕಪಕ್ಕದ ಎರಡು ಕಟ್ಟಡಗಳ ನವೀಕರಣಕ್ಕೆ ಎರಡು ಬೇರೆ ಕಾಲದ ನಿಯಮಗಳು ಏಕಕಾಲಕ್ಕೆ ಅನ್ವಯಿಸುವುದುಂಟು.